ಇಬ್ಬರು ಬೀಗರು, ಒಂದು ದವಡೆ ಹಲ್ಲು

ದಂತವೈದ್ಯೆಯ ಮದುವೆಗೆ ಎರಡೂ ಕಡೆಯ ಅಪ್ಪಂದಿರು ತಕರಾರಿಲ್ಲದೆ ಒಪ್ಪಿಬಿಟ್ಟಾಗ ನೆಂಟರಿಷ್ಟರೆಲ್ಲ ಬೆರಗಾದರು. ಹುಡುಗಿಯ ಅಪ್ಪ ಪಾಸ್ಟರು. ಹುಡುಗನ ಅಪ್ಪ ಕಾಲೇಜಿನಲ್ಲಿ ವೇದಾಂತ ಕಲಿಸಿ ನಿವೃತ್ತರಾದ ಪ್ರೊಫೆಸರು. ಎಂಥ ವಿಶಾಲ ಮನಸ್ಸು ಎಂದು ಜನ ಹೊಗಳಿದ್ದೇ ಹೊಗಳಿದ್ದು. ನಿಜ ಸಂಗತಿ ಬೇರೆಯೇ ಇತ್ತು. ಇಬ್ಬರ ವಾದವನ್ನೂ ಅವರವರ ಮನೆಯಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ. ಬೀಗತನದ ನೆಪದಲ್ಲಿ ಜೀವಮಾನಕ್ಕಾಗುವ ಎದುರಾಳಿ ಸಿಕ್ಕನಲ್ಲ ಎಂದು ಇಬ್ಬರೂ ಒಳಗೊಳಗೇ ಹಿಗ್ಗಿದರು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರು ನೇರ ಮಗಳ ಮನೆಗೆ ಬರುತ್ತಿದ್ದರು. ಮಗಳ ಅತ್ತೆ, ಅಂದರೆ ಪ್ರೊಫೆಸರ ಹೆಂಡತಿ, ಮೇಜಿನ ಮೇಲೆ ತಟ್ಟೆ ಇಡುವವರೆಗೂ ತಾಳ್ಮೆ ಅವರಿಗಿರಲಿಲ್ಲ.

"ಬೀಗರೇ, ನಿಮ್ಮ ಬ್ರಹ್ಮಕ್ಕೆ ಕಿವಿ ಇದೆಯಾ? ನಾನು ಕರೆದರೆ ಕೇಳುತ್ತಾ?"

"ಕರೆಯೋನು ಬೇರೆ, ಕೇಳೋನು ಬೇರೆ ಅಂದುಕೊಂಡಿದ್ದೀರಲ್ಲ, ಅದೇ ನಿಮ್ಮ ಕಾಯಿಲೆ. ಇರೋದು ಒಂದೇ. ಅದು ನೀವೇ."

"ನಾನೇ ದೇವರಾ? ನನ್ನ ಸಕ್ಕರೆ ಕಾಯಿಲೇನೇ ನನ್ನ ಹತೋಟಿಗೆ ಬರ್ತಿಲ್ಲ, ಇನ್ನು ಲೋಕ ನಡೆಸ್ತೀನಾ! ಮಾಡಿದವನು ಬೇರೆ, ಮಾಡಿದ್ದು ಬೇರೆ. ಬಡಗಿ ಎಲ್ಲಾದ್ರೂ ಕುರ್ಚಿ ಆಗ್ತಾನಾ?"

"ಸರಿ, ಅಷ್ಟು ದೊಡ್ಡ ಬಡಗಿ ಕಾಲು ಅಲ್ಲಾಡೋ ಕುರ್ಚಿ ಯಾಕೆ ಮಾಡಿದ?"

"ಕುಣಿದು ಕುಪ್ಪಳಿಸಿ ಕಾಲು ಮುರಿದವರು ನಾವು. ಆದರೂ ಕ್ಷಮಿಸ್ತಾನೆ. ನಿಮ್ಮಲ್ಲಿ ಕ್ಷಮೆಗೆ ಜಾಗ ಎಲ್ಲಿದೆ? ಅನುಭವಿಸು, ಸಾಯಿ, ಹುಟ್ಟು, ಮತ್ತೆ ಅನುಭವಿಸು!"

"ನಿಮ್ಮಲ್ಲಿ ಒಂದೇ ಜನ್ಮ, ಒಂದೇ ಪರೀಕ್ಷೆ, ಫೇಲಾದ್ರೆ ನೇರ ನರಕ. ನಮ್ಮಲ್ಲಿ ಪಾಸಾಗೋ ತನಕ ಕೂರಬಹುದು. ಪಾಠ ಹೇಳಿದವನು ನಾನು ಕೇಳ್ತೀನಿ, ಯಾವುದು ದಯೆ?"

ಇರುವುದೆಲ್ಲ ಒಂದೇ ಎನ್ನುವ ಪ್ರೊಫೆಸರು ತಮ್ಮ ಟವೆಲಿನಲ್ಲಿ ಬೇರೆ ಯಾರಾದರೂ ಕೈ ಒರೆಸಿದರೆ ಉರಿದುಬೀಳುತ್ತಿದ್ದರು. ದೇವರು ಹಗಲಿರುಳೂ ಕಾಯುತ್ತಾನೆ ಎನ್ನುವ ಪಾಸ್ಟರು ಕಾರಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋದವರು ವಾಪಸು ಬಂದು ಮತ್ತೊಮ್ಮೆ ಎಳೆದು ನೋಡುತ್ತಿದ್ದರು. ಅತ್ತೆ ಒಂದು ದಿನ ಸೊಸೆಯ ಕಿವಿಯಲ್ಲಿ, "ದೇವರು ಒಬ್ಬನೋ ಒಂದೋ, ಪಾತ್ರೆ ಮಾತ್ರ ನಾವಿಬ್ಬರೇ ತೊಳೀಬೇಕು," ಎಂದರು. ಸೊಸೆ ನಕ್ಕಳು. ಆಗಿನ್ನೂ ಅವಳಿಗೆ ಇದೆಲ್ಲ ತಮಾಷೆಯಾಗಿತ್ತು.

ಆಮೇಲೆ ಅವಳ ಐದು ತಿಂಗಳ ಬಸುರು ಇಳಿದುಹೋಯಿತು.

ಆಸ್ಪತ್ರೆಯ ಮಂಚದಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಪ್ಪ ಬಂದು ತಲೆ ಸವರಿ, "ದೇವರಿಗೆ ಏನೋ ಒಂದು ಯೋಜನೆ ಇರುತ್ತೆ ಮಗಳೇ. ನಮಗೆ ಈಗ ಕಾಣಲ್ಲ ಅಷ್ಟೇ," ಎಂದರು. ಮಾವ ಇನ್ನೊಂದು ಬದಿಯ ಸ್ಟೂಲಿನಲ್ಲಿ ಕೂತು, "ಆ ಜೀವದ ಕರ್ಮ ಅಷ್ಟಕ್ಕೇ ಇತ್ತಮ್ಮ. ಅದು ಹುಟ್ಟಿದ್ದೂ ಇಲ್ಲ, ಸತ್ತಿದ್ದೂ ಇಲ್ಲ," ಎಂದರು. ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಪಾಸ್ಟರು ತಲೆಯೆತ್ತಿ, "ಹಾಗಂದ್ರೆ ಹೇಗೆ ಬೀಗರೇ, ಅದು ದೇವರು ಹೆಸರು ಹಿಡಿದು ಬಲ್ಲ ಒಂದು ಆತ್ಮ," ಎಂದರು. ಪ್ರೊಫೆಸರು, "ಹೆಸರು ರೂಪ ಎರಡೂ ಭ್ರಮೆ," ಎಂದರು. ಮಲಗಿದ್ದವಳ ಮೈಮೇಲಿಂದಲೇ ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸಿ ವಾದಿಸತೊಡಗಿದರು. ಕೊನೆಗೆ ಅತ್ತೆ ಇಬ್ಬರನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರು. ಕಾರಿಡಾರಿನಲ್ಲೂ ವಾದ ಮುಂದುವರಿದು, ನರ್ಸಮ್ಮ ಬಂದು ಇಬ್ಬರನ್ನೂ ಗದರಿಸಿ ಕೆಳಗಿಳಿಸಿದಳಂತೆ.

ಡಾಕ್ಟರಮ್ಮ ಚೇತರಿಸಿಕೊಂಡು ತನ್ನ ಹಲ್ಲಿನ ಕ್ಲಿನಿಕ್ಕಿಗೆ ಹೋಗತೊಡಗಿದಳು. ಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಬೀಗರ ಭಾನುವಾರಗಳು ಮಾತ್ರ ತಪ್ಪಲಿಲ್ಲ.

ಹೀಗಿರುವಾಗ ಗ್ರಂಥಾಲಯದವರು ತಮ್ಮ ಸಭಾಂಗಣದಲ್ಲಿ ಒಂದು ಚರ್ಚೆ ಇಟ್ಟುಕೊಂಡರು. ವಿಷಯ: 'ನೋವಿಗೆ ಯಾರ ಬಳಿ ಉತ್ತರವಿದೆ?' ಮಾತಾಡುವವರು ಈ ಬೀಗರೇ. ಮೈಕಿನ ವ್ಯವಸ್ಥೆ ಡಾಕ್ಟರಮ್ಮನ ಗಂಡನದು, ಅವನ ಕಸುಬೇ ಅದು. ಇಬ್ಬರೂ ಹೊಸ ಅಂಗಿ ಹೊಲಿಸಿಕೊಂಡರು. ಕನ್ನಡಿಯ ಮುಂದೆ ನಿಂತು ಕೈ ಬೀಸುವ ಅಭ್ಯಾಸವನ್ನೂ ಮಾಡಿದರೆಂದು ಅತ್ತೆಯ ಆರೋಪ.

ಚರ್ಚೆಯ ದಿನ ಪ್ರೊಫೆಸರು ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಎಡಗೆನ್ನೆ ಬನ್ನಿನಂತೆ ಊದಿಕೊಂಡಿತ್ತು. ಸಭೆಗೆ ಜೊತೆಯಾಗಿ ಹೋಗೋಣವೆಂದು ಬಂದ ಪಾಸ್ಟರು ಅವರನ್ನು ಕಾರಿನಲ್ಲಿ ತುಂಬಿಕೊಂಡು ಮಗಳ ಕ್ಲಿನಿಕ್ಕಿಗೆ ಬಂದರು. ಕೆನ್ನೆ ಹಿಡಿದುಕೊಂಡು ಪ್ರೊಫೆಸರು ಕುರ್ಚಿಗೆ ಬಿದ್ದರು. ಅವಳು ದೀಪ ಎಳೆದು ಬಾಯೊಳಗೆ ಕನ್ನಡಿ ಇಟ್ಟು ನೋಡಿದಳು. ಕೆಳದವಡೆಯ ಹಲ್ಲು ಒಳಗೆಲ್ಲ ಕೊಳೆತು ಬೇರಿನ ಬುಡದಲ್ಲಿ ಕೀವು ಕಟ್ಟಿತ್ತು.

"ಇದನ್ನ ಉಳಿಸೋಕಾಗಲ್ಲ ಮಾವ. ತೆಗೀಬೇಕು. ಕೀವಿರೋ ಕಡೆ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ, ಸ್ವಲ್ಪ ನೋಯುತ್ತೆ."

"ಎರಡು ಕೊಡಮ್ಮ. ಮೂರು ಕೊಡು!"

"ನೋವು ದೇಹಕ್ಕೆ, ಆತ್ಮಕ್ಕಲ್ಲ ಅಂತಿದ್ರಲ್ಲ. ಈಗ ನೋಯ್ತಿರೋದು ಯಾರಿಗೆ?"

"ನನಗೇ ಕಣಮ್ಮಾ! ಇನ್ಯಾರಿಗೆ?"

ಪಾಸ್ಟರು ಚಪ್ಪಾಳೆ ತಟ್ಟುವುದೊಂದೇ ಬಾಕಿ. "ಕೇಳಿಸಿಕೊಂಡೆಯಾ ಮಗಳೇ? 'ನನಗೆ' ಅಂದರು! ಸಂಜೆವರೆಗೂ ಕಾಯೋದೇ ಬೇಡ, ಚರ್ಚೆ ಇಲ್ಲೇ ಮುಗೀತು!"

ಅವಳು ಸಿರಿಂಜು ಹಿಡಿದುಕೊಂಡೇ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಈ ಕೀವು ದೇವರ ಯೋಜನೇನಾ?"

"ಅದು... ಒಂದರ್ಥದಲ್ಲಿ, ಅವನ ಅಪ್ಪಣೆ ಇಲ್ಲದೆ..."

"ಹಾಗಾದ್ರೆ ನಾನು ಹಲ್ಲು ಕೀಳಬಾರದು?"

"ಛೆ, ಕೀಳು! ಕೀಳು ಅಂತಾನೇ ನಿನ್ನ ಕೈಗೆ ಇಕ್ಕಳ ಕೊಟ್ಟಿದ್ದಾನೆ."

"ನನ್ನ ಮಗು ಹೋದಾಗ ಯಾರ ಕೈಗೆ ಏನು ಕೊಟ್ಟಿದ್ದ?"

ಅವಳು ಇಂಜೆಕ್ಷನ್ ಕೊಟ್ಟು, ಮರಗಟ್ಟುವವರೆಗೆ ಕಾದು, ಇಕ್ಕಳ ಹಾಕಿ ಹಲ್ಲನ್ನು ಅತ್ತಿತ್ತ ಸಡಿಲಿಸತೊಡಗಿದಳು. ಪ್ರೊಫೆಸರು ಕೈಗೆ ಸಿಕ್ಕ ಪಾಸ್ಟರ ಮುಂಗೈಯನ್ನು ಅಪ್ಪಚ್ಚಿಯಾಗುವಂತೆ ಹಿಡಿದರು. ಹಲ್ಲು ಬಂತು. ಹತ್ತಿ ಒತ್ತಿಟ್ಟು, "ಗಟ್ಟಿಯಾಗಿ ಕಚ್ಚಿಕೊಳ್ಳಿ. ಇವತ್ತೆಲ್ಲ ಮಾತಾಡಬೇಡಿ," ಎಂದಳು. ಆ ಕೊನೆಯ ಮಾತನ್ನು ಹೇಳುವಾಗ ಅವಳಿಗೆ ಸ್ವಲ್ಪ ಖುಷಿಯೇ ಆಯಿತು.

ಸಂಜೆ ಸಭಾಂಗಣ ತುಂಬಿತ್ತು. ಪ್ರೊಫೆಸರು ಹೊಸ ಅಂಗಿ ತೊಟ್ಟು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ವೇದಿಕೆಯ ಮೇಲೆ ಕೂತಿದ್ದರು. ಗ್ರಂಥಪಾಲಕರು ಕೈ ಕೈ ಹಿಸುಕಿಕೊಂಡು ಪಾಸ್ಟರ ಬಳಿ ಬಂದು, "ಸರ್, ಅವರ ಪಕ್ಷಾನೂ ನೀವೇ ಎರಡು ಮಾತಲ್ಲಿ ಹೇಳಿಬಿಡಿ," ಎಂದರು.

ಪಾಸ್ಟರು ಎರಡು ಮಾತಿಗೆ ನಿಲ್ಲುವ ಜಾತಿಯವರಲ್ಲ. ಬೀಗರ ವಾದವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. "ಅಲೆ ತನ್ನನ್ನು ಸಮುದ್ರದಿಂದ ಬೇರೆ ಅಂದುಕೊಂಡ ಕ್ಷಣದಿಂದ ಅದಕ್ಕೆ ದಡದ ಭಯ," ಎಂದು ಶುರುಮಾಡಿದವರು ಮಾಯೆ, ಕರ್ಮ, ಮೋಕ್ಷಗಳನ್ನು ಎಂಥ ಸೊಗಸಾಗಿ ಬಿಡಿಸಿಟ್ಟರೆಂದರೆ ಚಪ್ಪಾಳೆ ನಿಲ್ಲಲೇ ಇಲ್ಲ. ಪ್ರೊಫೆಸರ ಮುಖ ಕಪ್ಪಿಟ್ಟಿತು. ಇಷ್ಟು ವರ್ಷದ ಪಾಠದಲ್ಲಿ ಅವರಿಗೆ ಅಂಥ ಚಪ್ಪಾಳೆ ಸಿಕ್ಕಿದ್ದಿಲ್ಲ.

ನಂತರ ಪಾಸ್ಟರು ತಮ್ಮ ಪಕ್ಷಕ್ಕೆ ಬಂದರು. "ನಮ್ಮ ದೇವರು ಮುಖವಿಲ್ಲದ ತತ್ತ್ವವಲ್ಲ. ಆತನಿಗೊಂದು ಯೋಜನೆ ಇದೆ..." ಎಂದವರ ಕಣ್ಣು ಮುಂದಿನ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಿದ್ದ ಮಗಳ ಮೇಲೆ ಬಿತ್ತು. ನೀರು ಕುಡಿದರು. "ಯೋಜನೆ..." ಎಂದು ಮತ್ತೆ ಎತ್ತಿಕೊಂಡರು. ಮತ್ತೆ ನೀರು ಕುಡಿದರು. ಆಮೇಲೆ ಸುಮ್ಮನೆ ಹೋಗಿ ಕೂತುಬಿಟ್ಟರು.

ಸಭೆ ಗುಸುಗುಸು ಎನ್ನುತ್ತಿರುವಾಗ ಪ್ರೊಫೆಸರು ತಟ್ಟನೆದ್ದು, ಹತ್ತಿಯನ್ನು ಕರವಸ್ತ್ರಕ್ಕೆ ಉಗುಳಿ ಮೈಕು ಹಿಡಿದರು. ಮರಗಟ್ಟಿದ ತುಟಿಯಿಂದ ಮಾತು ಜೊಲ್ಲಿನ ಜೊತೆ ಬಂತು. "ಇವಲ ದೇವಲು... ಕೆಳಗೆ ಇಳಿದು ಬಂದ. ನಮ್ಮ ಜೊತೆ ತಾನೂ ನೋವು ತಿಂದ. ಅದು ದೊಡ್ಡದು. ನನ್ನ ಬ್ಲಹ್ಮಕ್ಕೆ ಹಲ್ಲೇ ಇಲ್ಲ, ನೋವೆಲ್ಲಿ ಗೊತ್ತಾಗಬೇಕು?"

ಮುಂದಿನ ಸಾಲಿಗೆ ಮಾತ್ರ ಅರ್ಥವಾಯಿತು. ಊರಿಗೆ ಹಬ್ಬಿಸಲು ಅಷ್ಟು ಸಾಕಾಗಿತ್ತು. ಪಾಸ್ಟರು ವೇದಾಂತಿಯಾದರು ಎಂದು ಚರ್ಚಿನ ಹಿರಿಯರು ಅವರನ್ನು ಕರೆಸಿ ವಿಚಾರಿಸಿಕೊಂಡರು. ಪ್ರೊಫೆಸರು ಮತಾಂತರವಾಗುತ್ತಿದ್ದಾರೆ ಎಂದು ಹಳೆಯ ಶಿಷ್ಯರು ಫೋನು ಎತ್ತುವುದನ್ನೇ ಬಿಟ್ಟರು. ಬೀಗರಿಬ್ಬರ ಮುನಿಸು ಅದಕ್ಕಲ್ಲ. ತನ್ನ ವಾದವನ್ನು ಇನ್ನೊಬ್ಬ ತನಗಿಂತ ಚೆನ್ನಾಗಿ ಹೇಳಿದನಲ್ಲ ಎಂದು ಇಬ್ಬರಿಗೂ ಹೊಟ್ಟೆಯುರಿ.

ಆದರೂ ಭಾನುವಾರ ಪಾಸ್ಟರು ಬಂದರು. ಪ್ರೊಫೆಸರು ಎದುರು ಕೂತು ಗಂಜಿ ಹೀರುತ್ತಿದ್ದರು. ಪಾಸ್ಟರು ಗಂಟಲು ಸರಿಮಾಡಿಕೊಂಡು, "ಬೀಗರೇ, ಆ ಅಲೆಯ ಮಾತಲ್ಲಿ ಒಂದು ತಪ್ಪಿದೆ," ಎಂದರು.

"ಇವತ್ತು ಬೇಡ ಅಪ್ಪಾ," ಎಂದಳು ಮಗಳು. ಅವಳು ಕುರ್ಚಿ ಎಳೆದು ಇಬ್ಬರ ನಡುವೆ ಕೂತಳು. "ಇವತ್ತು ನಾನು ಮಾತಾಡ್ತೀನಿ. ಹೆಣ್ಣು ಮಗು ಅದು. ನನಗೆ ತೋರಿಸಿದ್ರು. ನಿಮಗ್ಯಾರಿಗೂ ಹೇಳಿಲ್ಲ."

ಅಡುಗೆಮನೆಯಲ್ಲಿ ಅತ್ತೆ ನಲ್ಲಿ ನಿಲ್ಲಿಸಿದರು. ಗಂಡ ಬಂದು ಬಾಗಿಲಿಗೆ ಒರಗಿ ನಿಂತ. ಅದರ ಉಗುರು ಹೇಗಿತ್ತು, ತಾನು ಯಾವ ಹೆಸರಿಡಬೇಕೆಂದಿದ್ದಳು, ಸಣ್ಣ ಮಕ್ಕಳು ಹಾಲುಹಲ್ಲು ಕೀಳಿಸಿಕೊಳ್ಳಲು ಬಂದ ದಿನ ತನಗೆ ಏನಾಗುತ್ತದೆ, ಎಲ್ಲವನ್ನೂ ಹೇಳಿದಳು. ನಡುವೆ ಒಮ್ಮೆ ಪ್ರೊಫೆಸರ ಬಾಯಿ ತೆರೆಯಿತು. ಪಾಸ್ಟರು ಮೇಜಿನ ಕೆಳಗಿಂದ ಅವರ ಕಾಲು ತುಳಿದರು. ಇನ್ನೊಮ್ಮೆ ಪಾಸ್ಟರ ತುಟಿ ಅದುರಿತು. ಪ್ರೊಫೆಸರು ಅವರನ್ನು ದುರುಗುಟ್ಟಿ ನೋಡಿದರು. ಹೇಳಲು ಇಬ್ಬರಿಗೂ ಬೇಕಾದಷ್ಟಿತ್ತು. ಅದನ್ನು ನುಂಗಿಕೊಳ್ಳುವುದು ಹಲ್ಲು ಕೀಳಿಸಿಕೊಳ್ಳುವುದಕ್ಕಿಂತ ಕಷ್ಟವೆಂಬುದು ಆ ಮುಖಗಳಲ್ಲೇ ಕಾಣುತ್ತಿತ್ತು. ಆದರೂ ಅವಳು ಮುಗಿಸುವವರೆಗೆ ಇಬ್ಬರೂ ಕೇಳಿಸಿಕೊಂಡರು.