ಬೆಲ್ಟಿನ ಇನ್ನೊಂದು ತುದಿ

ನಾನು ಗಾಡಿಗಳ ಸೀಟು ಹೊಲಿಯುವವಳು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಹರಿದ ಸೀಟು ತಂದುಕೊಡಿ, ಸಂಜೆಯೊಳಗೆ ಹೊಸದರ ಹಾಗೆ ಮಾಡಿಕೊಡುತ್ತೇನೆ. ಅಂಥ ನಾನೇ ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ನಮ್ಮ ಮಾವನವರಿಗೆ ಒಂದು ಹುಚ್ಚು ಹತ್ತಿತು. ಎಲ್ಲಿಂದಲೋ ಒಂದು ಹಳೇ ಕಾರು ತಂದರು. ಅವರಿಗಿಂತ ಎರಡೇ ವರ್ಷ ಚಿಕ್ಕದು. ಎರಡು ಬಾಗಿಲು, ಮುಂದೆ ಗಿಡ್ಡ ಗಾಜು, ತಲೆಯ ಮೇಲೆ ಆಕಾಶ. ಬೆಳಿಗ್ಗೆ ಎದ್ದರೆ ಅದನ್ನು ಒರೆಸುವುದೇ ಕೆಲಸ. ಮನೆಯಲ್ಲಿ ಯಾರನ್ನೂ ಅವರು ಅಷ್ಟು ಮುದ್ದು ಮಾಡಿದ್ದನ್ನು ನಾನು ಕಾಣೆ.

ಆ ಕಾರಿನಲ್ಲಿ ಒಂದೂ ಸೀಟ್ ಬೆಲ್ಟ್ ಇರಲಿಲ್ಲ. ಅಂಥದ್ದರಲ್ಲಿ, ಭಾನುವಾರ ಮೊಮ್ಮಗಳನ್ನು ಕೂರಿಸಿಕೊಂಡು ಗುಡ್ಡದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರುತ್ತೇನೆ ಅಂತ ಮಾವ ಮಾತು ಕೊಟ್ಟುಬಿಟ್ಟರು. ಮೊಮ್ಮಗಳು ಅಂದರೆ ನನ್ನ ಮಗಳು. ಆರು ವರ್ಷ. ಕೂತಲ್ಲಿ ಕೂರುವವಳಲ್ಲ, ಅದಕ್ಕೇ ಅವಳನ್ನು ಪಾದರಸ ಅನ್ನುತ್ತೇವೆ.

"ಮಾವ, ಬೆಲ್ಟ್ ಇಲ್ದೆ ಅವಳನ್ನ ಹೇಗೆ ಕಳಿಸ್ಲಿ?" ಅಂದೆ.

"ತೆರೆದ ಗಾಡಿಗೆ ಬೆಲ್ಟ್ ಯಾಕಮ್ಮ? ಪ್ರಾಯದಲ್ಲಿ ನಾನು ಜೀಪಿಂದ ಹಾರಿ ಹುಲ್ಲಿನ ಮೇಲೆ ಬಿದ್ದೋನು. ಜೀಪು ನುಜ್ಜುಗುಜ್ಜು. ನಂಗೆ ಮೊಣಕಾಲು ತರಚಿತ್ತು, ಅಷ್ಟೇ. ಬೆಲ್ಟ್ ಹಾಕಿದ್ರೆ ಇವತ್ತು ನಿಂಗೆ ಮಾವನೇ ಇರ್ತಿರ್ಲಿಲ್ಲ!"

ಈ ಜೀಪಿನ ಕಥೆಯನ್ನು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ. ಪ್ರತಿ ಸಲವೂ ಹೌದಲ್ಲ ಅನ್ನಿಸುತ್ತದೆ. ಆದರೂ ಮನಸ್ಸು ಒಪ್ಪಲಿಲ್ಲ. ಸರಿ, ನಾಲ್ಕು ಜನರನ್ನು ಕೇಳೋಣ ಅಂತ ಹೊರಟೆ. ಅದು ಮೊದಲನೆಯ ಎಡವಟ್ಟು.

ಟೈರ್ ಅಂಗಡಿಯವರು, "ಮೇಲೆ ತಗಡೇ ಇಲ್ಲ. ಗಾಡಿ ಮಗುಚಿದ್ರೆ ಬೆಲ್ಟ್ ಹಾಕಿದೋರು ಅಡೀಲೇ ಅಪ್ಪಚ್ಚಿ" ಅಂದರು. ಶಾಲೆಯ ಮೇಷ್ಟ್ರು, "ಬೆಲ್ಟ್ ಇಲ್ದೆ ಹೆಜ್ಜೆ ಇಡಬೇಡಿ" ಅಂದರು. ಕ್ಷೌರದಂಗಡಿಯವರು ಕತ್ತರಿ ಆಡಿಸುತ್ತಲೇ, "ಅಷ್ಟು ಹಳೇ ಗಾಡಿಗೆ ಬೆಲ್ಟ್ ಎಲ್ಲಿ ಅಂತ ಪೊಲೀಸ್ರೂ ಕೇಳಲ್ಲ ಬಿಡಿ" ಅಂದರು. ಯಾರು ಮಾತಾಡುತ್ತಾರೋ ಆ ಹೊತ್ತಿಗೆ ಅವರು ಹೇಳಿದ್ದೇ ಸರಿ ಅನ್ನಿಸುತ್ತಿತ್ತು. ನನ್ನ ತಲೆ ಪೂರ್ತಿ ಮೊಸರು ಗಡಿಗೆ. ಹಾಕಿದರೆ ಅಪಾಯವೋ, ಹಾಕದಿದ್ದರೆ ಅಪಾಯವೋ? ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ.

ಕೊನೆಗೆ ನನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದೆ. ಗುಜರಿಯಿಂದ ಎರಡು ಬೆಲ್ಟ್ ತಂದೆ. ದಪ್ಪ ನೈಲಾನ್ ದಾರ ಹಾಕಿ, ನಾಲ್ಕು ಸಾಲು ಹೊಲಿಗೆ ಕೊಟ್ಟು ಸೀಟಿಗೇ ಸೇರಿಸಿದೆ. ಎಂಥ ಹೊಲಿಗೆ ಅಂತೀರಿ! ಎತ್ತು ಕಟ್ಟಿ ಎಳೆದರೂ ಬಿಚ್ಚುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಪಾದರಸ ಎಲ್ಲರಿಗಿಂತ ಮುಂಚೆ ಹೋಗಿ ಕೂತಿದ್ದಳು. ನಾನೇ ಬೆಲ್ಟ್ ಹಾಕಿದೆ. ಮಾವ ಗೊಣಗಿಕೊಂಡೇ ಸ್ಟೇರಿಂಗ್ ಹಿಡಿದರು. ಅಷ್ಟರಲ್ಲಿ ಎದುರು ಮನೆಯ ಸೈರನ್ ಅಕ್ಕ ರಾತ್ರಿ ಪಾಳಿ ಮುಗಿಸಿ ಬಂದರು. ಅವರು ಆಂಬುಲೆನ್ಸಿನಲ್ಲಿ ನರ್ಸು, ಬೀದಿಯವರೆಲ್ಲ ಹಾಗೇ ಕರೆಯುವುದು.

"ಅಕ್ಕ, ನೀವೇ ಹೇಳಿ" ಅಂತ ಅವರ ಕೈ ಹಿಡಿದುಕೊಂಡೆ. "ಬೆಲ್ಟ್ ಹಾಕ್ಬೇಕಾ, ಬೇಡ್ವಾ? ನಂಗೆ ದಿಕ್ಕೇ ತೋಚ್ತಿಲ್ಲ."

ಮಾವ ಬಿಡುತ್ತಾರೆಯೇ? ಜೀಪಿನ ಕಥೆ ಶುರುಮಾಡಿದರು. ಅಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಜೀಪಲ್ಲಿ ನೀವೊಬ್ರೇ ಇದ್ರಾ, ಯಜಮಾನ್ರೇ?"

"ಇಲ್ಲ. ಇಬ್ರು."

"ಇನ್ನೊಬ್ರು?"

ಮಾವ ಬಟ್ಟೆ ತೆಗೆದುಕೊಂಡು ಒರೆಸಿದ್ದ ಗಾಜನ್ನೇ ಮತ್ತೆ ಒರೆಸಿದರು.

"ಅವನೂ ಹಾರಿಬಿದ್ದ" ಅಂದರು. "ಅವನು ಬಿದ್ದ ಕಡೆ ಕಲ್ಲಿತ್ತು."

ಇಷ್ಟು ವರ್ಷದಲ್ಲಿ ಆ ಎರಡನೆಯ ಮನುಷ್ಯ ಕಥೆಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಮಾವನ ಮುಖ ನೋಡಲಾಗಲಿಲ್ಲ.

"ಹುಲ್ಲಿನ ಮೇಲೆ ಬಿದ್ದೋರು ಮನೆಗೆ ಬಂದು ಕಥೆ ಹೇಳ್ತಾರೆ" ಅಂದರು ಅಕ್ಕ. "ಉಳಿದೋರನ್ನ ಎತ್ತೋಕೆ ನಾವು ಹೋಗ್ತೀವಿ. ಗಾಡಿ ಒಂದು ಕಡೆ ಇರುತ್ತೆ, ಜನ ಎಲ್ಲಿ ಬಿದ್ದಿದ್ದಾರೆ ಅಂತ ಪೊದೆಯಲ್ಲಿ ಹುಡುಕ್ಬೇಕು."

"ಆದ್ರೆ ಮಗುಚಿದ್ರೆ, ಅಕ್ಕ?" ನನ್ನ ಗೊಂದಲ ಇನ್ನೂ ಹೋಗಿರಲಿಲ್ಲ.

"ಮಗುಚೋದಕ್ಕಿಂತ ಗುದ್ದೋದೇ ಜಾಸ್ತಿ. ಮಗುಚಿದ್ರೂ ಅಷ್ಟೇ, ಹೊರಗೆ ಬಿದ್ದೋರ ಮೇಲೆ ಅದೇ ಗಾಡಿ ಉರುಳುತ್ತೆ. ಮಗುಚೋ ಭಯ ಇದ್ರೆ ಸೀಟಿನ ಹಿಂದೆ ತಲೆಗಿಂತ ಎತ್ತರಕ್ಕೆ ಕಬ್ಬಿಣದ ಕಮಾನು ಹಾಕ್ಸಿ. ಬೆಲ್ಟ್ ಮಾತ್ರ ಬಿಡ್ಬೇಡಿ. ಮುಚ್ಚಿದ ಕಾರಲ್ಲಾದ್ರೂ ಬಾಗಿಲು, ಚಾವಣಿ ಅಂತ ತಡೆಯೋಕೆ ಏನೋ ಇರುತ್ತೆ. ಇದರಲ್ಲಿ ನಿಮ್ಮನ್ನ ಒಳಗೆ ಹಿಡಿಯೋದು ಅದೊಂದೇ."

ಮಾವ ಕೈಯಲ್ಲಿದ್ದ ಬಟ್ಟೆ ಮಡಚಿಟ್ಟರು. ಆಮೇಲೆ ತಮ್ಮ ಬೆಲ್ಟನ್ನು ತಾವೇ ಎಳೆದು ಹಾಕಿಕೊಂಡರು. "ನನ್ನ ಸೊಸೇನೇ ಹೊಲಿದಿದ್ದು" ಅಂದರು. ಆ ಮಾತು ಕೇಳಿ ನಾನು ಉಬ್ಬಿಹೋದೆ.

ಅಕ್ಕ ಪಾದರಸಳ ಬೆಲ್ಟ್ ಹಿಡಿದು, ಅದರ ಜಾಡಿನಲ್ಲೇ ಕೈಯನ್ನು ಸೀಟಿನ ಕೆಳಗೆ ಇಳಿಸಿದರು. "ಇದರ ಇನ್ನೊಂದು ತುದಿ ಎಲ್ಲಿದೆ?"

"ಸೀಟಿಗೇ ಹೊಲಿದಿದ್ದೀನಿ. ನಾಲ್ಕು ಸಾಲು!"

"ಸೀಟನ್ನ ಯಾವುದು ಹಿಡ್ಕೊಂಡಿದೆ?"

ಅಕ್ಕ ಮಗುವನ್ನು ಬಿಡಿಸಿ ನನ್ನ ಕಂಕುಳಿಗೆ ಕೊಟ್ಟರು. ಖಾಲಿ ಸೀಟಿನ ಬೆಲ್ಟಿಗೆ ಕೈ ಹಾಕಿ, ಒಂದೇ ಕೈಯಲ್ಲಿ ಮುಂದಕ್ಕೆ ಜಗ್ಗಿದರು. ಕೊಕ್ಕೆ ಕಳಚಿ ಇಡೀ ಸೀಟು ಎದ್ದು ಗಾಜಿಗೆ ಬಡಿಯಿತು. ಬೆಲ್ಟು ಹಾಗೇ ಇತ್ತು. ನನ್ನ ಹೊಲಿಗೆಯಲ್ಲಿ ಒಂದು ಎಳೆಯೂ ಬಿಟ್ಟಿರಲಿಲ್ಲ.

ಅಯ್ಯೋ ನನ್ನ ಬುದ್ಧಿಯೇ! ಆ ಸೀಟನ್ನು ನನ್ನ ಕೈಯಾರೆ ಎಷ್ಟು ಸಲ ಎತ್ತಿ ಇಟ್ಟಿದ್ದೇನೋ. ಅದು ಬರೀ ಎರಡು ಕೊಕ್ಕೆಯ ಮೇಲೆ ಕೂರುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಮಗಳನ್ನು ಅವುಚಿಕೊಂಡು ಬೀದಿಯಲ್ಲೇ ಅತ್ತುಬಿಟ್ಟೆ. ಸುತ್ತಾಟ ಹೋಯಿತಲ್ಲ ಅಂತ ಅವಳೂ ಅತ್ತಳು.

ಅವತ್ತು ಕಾರು ಕದಲಲಿಲ್ಲ. ಮಾವನೇ ಕೀಲಿ ತಂದು ನನ್ನ ಕೈಗಿಟ್ಟರು. "ನೀನು ಹೂಂ ಅನ್ನೋವರೆಗೂ ಮುಟ್ಟಲ್ಲಮ್ಮ" ಅಂದರು.

ಹಳೇ ಗಾಡಿಗಳ ಕೆಲಸ ಬಲ್ಲ ಮೇಸ್ತ್ರಿ ಬಂದು ತಳ ಕೆದಕಿದರೆ, ತಗಡು ತುಕ್ಕು ಹಿಡಿದು ಉದುರುತ್ತಿತ್ತು. ಅದನ್ನು ಕತ್ತರಿಸಿ ಹೊಸದು ಬೆಸೆದರು. ಸೀಟನ್ನು ಬೋಲ್ಟ್ ಹಾಕಿ ಬಿಗಿದು, ಹಿಂದೆ ಅಕ್ಕ ಹೇಳಿದ ಕಮಾನನ್ನೂ ನಿಲ್ಲಿಸಿದರು. ಬೆಲ್ಟ್ ಬಿಗಿಯುವಲ್ಲೆಲ್ಲ ಅಡಿಗೆ ದಪ್ಪ ಕಬ್ಬಿಣದ ಪ್ಲೇಟು ಕೊಟ್ಟರು. ಗುಜರಿ ಬೆಲ್ಟ್ ಎಸೆದು ಹೊಸದು ಹಾಕಿದರು, ಭುಜದ ಮೇಲೂ ಸೊಂಟದ ಮೇಲೂ ಬರುವಂಥದ್ದು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಕೆಳಗೆ ತೊಡೆಯ ಬುಡದ ಮೂಳೆಗೆ ಕೂರಬೇಕು ಅಂತ ಅಕ್ಕ ತೋರಿಸಿಕೊಟ್ಟರು. ಪಾದರಸಳಿಗೆ ಮಕ್ಕಳ ಸೀಟು ಬೇರೆ ತಂದು ಭದ್ರವಾಗಿ ಕೂರಿಸಿದೆವು. ನಾಲ್ಕನೆಯ ಭಾನುವಾರ ನಾನು ಹೂಂ ಅಂದೆ. ಅಜ್ಜ ಮೊಮ್ಮಗಳು ಗುಡ್ಡ ಸುತ್ತಿ ಬರುವವರೆಗೂ ನನಗೆ ಪುಕಪುಕ ಇದ್ದೇ ಇತ್ತು, ಸುಳ್ಳು ಯಾಕೆ ಹೇಳಲಿ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿ ಎಷ್ಟೇ ಹಳೆಯದಿರಲಿ, ಎಷ್ಟೇ ನಿಧಾನ ಓಡಿಸಿ, ಬೆಲ್ಟ್ ಹಾಕದೆ ಹೊರಡಬೇಡಿ. ಹಾಕುವ ಮುಂಚೆ ಅದರ ಜಾಡು ಹಿಡಿದು ಕೊನೆಯವರೆಗೂ ಕೈ ಇಳಿಸಿ. ಗಾಡಿಯ ಗಟ್ಟಿ ಕಬ್ಬಿಣ ಸಿಕ್ಕಿತೇ? ಹಾಕಿಕೊಂಡು ಹೊರಡಿ. ಬಟ್ಟೆಯೋ ತುಕ್ಕೋ ಸಿಕ್ಕಿತೇ? ಮೊದಲು ಮಗುವನ್ನು ಕೆಳಗಿಳಿಸಿ.