ಒಂದೇ ದನಿಯ ಚರಗ

ನಮ್ಮ ಬಾಜು ಹೊಲದ ಗೌರಕ್ಕನಂಥ ಹಟಮಾರಿ ಹೆಣ್ಣುಮಗಳನ್ನು ಸಂಶಿಯ ಸುತ್ತಮುತ್ತ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಬೈಯುತ್ತಿಲ್ಲ, ಮೆಚ್ಚಿಯೇ ಹೇಳುತ್ತಿದ್ದೇನೆ. ಗಂಡ ತೀರಿಕೊಂಡ ಮೇಲೆ ಎಳ್ಳಮಾವಾಸ್ಯೆಗೆ ಭೂಮಿತಾಯಿಗೆಂದು ಹೊಲದ ತುಂಬ ಎಡೆ ಎರಚುವ ಚರಗ ಚೆಲ್ಲುವುದನ್ನೂ, ಗಂಡಸರ ಆ ಕೆಲಸವನ್ನೂ, ಅವಳೇ ವಹಿಸಿಕೊಂಡಳು. ಊರವರು ಸ್ವಲ್ಪ ದಿನ ಆಡಿಕೊಂಡು, ಬೇಸತ್ತು ಸುಮ್ಮನಾದರು.

ಹಳ್ಳದ ದಂಡೆಯ ಎರಿಹೊಲ ಅವಳಿಗೂ ಮೈದುನ ಶಂಕ್ರಪ್ಪನಿಗೂ ಕೂಡಿದ್ದು. ಅದರಲ್ಲಿ ಅವಳು ಚಿಗರಿಗಳಿಗೆಂದು, ಅಂದರೆ ಕೃಷ್ಣಮೃಗಗಳಿಗೆಂದು, ಹುಲ್ಲು ಬಿಟ್ಟಿದ್ದಳು. ಹಿಂಡು ನೋಡಲು ಹುಬ್ಬಳ್ಳಿಯಿಂದ ಜನ ಬರತೊಡಗಿದಾಗ ಬನ್ನಿಗಿಡದ ಕೆಳಗೆ ಕಟ್ಟೆ ಕಟ್ಟಿಸಿ, ಕುಡಿಯಲು ನೀರಿಟ್ಟಳು. ಶಂಕ್ರಪ್ಪನ ಕಣ್ಣಿಗೆ ಇದೆಲ್ಲ ಹುಚ್ಚಾಟ. ಚಿಗರಿಗಳು ಕಡಲೆ ಹೊಲಕ್ಕೆ ನುಗ್ಗಿದಾಗೆಲ್ಲ ಕೂಗಿ ಬೆನ್ನಟ್ಟುವವನು ಅವನೇ. ಅವನ ದನಿಗೆ ನನ್ನ ಎತ್ತುಗಳೂ ಬೆದರುತ್ತವೆ.

ಎಂಬತ್ತಾರರಲ್ಲಿ ಒಂದು ಯೋಜನೆ ಬಂತು. ಕಾಡುಪ್ರಾಣಿಗಳಿಗೆ ಹೊಲ ಬಿಟ್ಟು, ನೋಡಲು ಬರುವವರಿಗೆ ಅನುಕೂಲ ಮಾಡಿಕೊಡುವ ರೈತರಿಗೆ ಸರ್ಕಾರದ ಸಹಾಯಧನ. ಆದರೆ ಪ್ರಾಣಿಗಳು ಮನುಷ್ಯರಿಗೆ ಬೆದರದೆ ಮೇಯುವುದನ್ನು ಅರಣ್ಯ ಇಲಾಖೆಯ ಸಾಹೇಬರು ಬಂದು ಕಣ್ಣಾರೆ ನೋಡಬೇಕು. ಸಹಾಯಧನ ಬಂದರೆ ಹುಲ್ಲು ಇರಲಿ, ಬರದಿದ್ದರೆ ಮುಂಗಾರಿಗೆ ನೇಗಿಲು ಹೂಡಿ ಮೆಣಸಿನಗಿಡ ಹಚ್ಚುವುದೇ ಸೈ ಎಂದು ಶಂಕ್ರಪ್ಪ ಅತ್ತಿಗೆಯಿಂದ ಮಾತು ತೆಗೆದುಕೊಂಡ.

ಸಾಹೇಬರು ಬಂದದ್ದು ಸರಿಯಾಗಿ ಎಳ್ಳಮಾವಾಸ್ಯೆಯ ದಿನ. ಚರಗವೆಂದರೆ ಸುಮ್ಮನೆ ಮುಗಿಯುವ ಕೆಲಸವೇ? ಮುಂದಿನವರು 'ಹುಲ್ಲುಲ್ಲಿಗೋ' ಎಂದು ಕೂಗಿ ಎಡೆ ಚೆಲ್ಲಬೇಕು, ಹಿಂದಿನವರು 'ಸಲಾಂಬ್ರಿಗೋ' ಎಂದು ಓಗೊಟ್ಟು ನೀರು ಚಿಮುಕಿಸಬೇಕು. ಕೂಗಿಗೆ ಹಿಂಡು ಬೆದರೀತು, ಸಾಹೇಬರ ಜೀಪು ಹೋದ ಮೇಲೆ ಚೆಲ್ಲು ಎಂದು ನಾವೆಲ್ಲ ಗೌರಕ್ಕನಿಗೆ ಹೇಳಿ ಸೋತೆವು.

"ಭೂಮಿತಾಯಿನ್ನ ಉಪಾಸ ಇಟ್ಟು ಸರ್ಕಾರದ ರೊಕ್ಕಾ ತಗೊಂಡು ಏನ್ ಮಾಡ್ಲಿ?" ಎಂದಳು.

ಹಿಂಡು ಹುಲ್ಲಿನಲ್ಲಿತ್ತು. ಸಾಹೇಬರು ಕಟ್ಟೆಯ ಮೇಲೆ ಕೂತಿದ್ದರು. ಗೌರಕ್ಕ ಕಡುಬು, ಪಲ್ಲೆ ಕಲಸಿದ ಬುಟ್ಟಿ ಹೊತ್ತು ಹೊಲಕ್ಕಿಳಿದು, ಎದೆ ತುಂಬಿ ಕೂಗಿದಳು. ಚಿಗರಿಗಳು ತಲೆಯೆತ್ತಿ ಅವಳನ್ನೊಮ್ಮೆ ನೋಡಿ ಮತ್ತೆ ಮೇಯತೊಡಗಿದವು.

ಹಿಂದಿನಿಂದ ಶಂಕ್ರಪ್ಪ ಓಗೊಟ್ಟ. ಅಷ್ಟೇ, ಇಡೀ ಹಿಂಡು ಹಾರಿ ಹಳ್ಳದ ಕಡೆ ಓಟ ಕಿತ್ತಿತು.

ಸಾಹೇಬರು ಬೇಸರದಿಂದ ಎದ್ದು ಜೀಪಿನ ಬಾಗಿಲಿಗೆ ಕೈ ಹಾಕಿದರು. ಗೌರಕ್ಕನ ಮುಖ ಬಾಡಿದ್ದನ್ನು ನಾನು ಕಂಡದ್ದು ಅಂದೊಂದೇ ಸಲ. ಆದರೂ ಅವಳು ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ.

"ಚರಗ ಅರ್ಧಕ್ಕ ಬಿಡಬಾರದ್ರಿ ಸಾಹೇಬ್ರ. ಮುಗಿಯೂಮಟಾ ನಿಂದರ್ರಿ," ಎಂದಳು.

ಶಂಕ್ರಪ್ಪ ತಂಬಿಗೆ ಹಿಡಿದು ನಿಂತೇ ಇದ್ದ. ಗೆದ್ದವನ ಮುಖವಾಗಿರಲಿಲ್ಲ ಅದು. ಅಣ್ಣನ ಹೆಂಡತಿಯ ಕೂಗಿಗೆ ನಿಂತ ಪ್ರಾಣಿ ತನ್ನ ಕೂಗಿಗೆ ಓಡಿದ್ದನ್ನು ಎಲ್ಲರೆದುರು ನೋಡಿದ್ದ. ಅವಳ ಹತ್ತಿರ ಹೋಗಿ ಮೆಲ್ಲಗೆ ಹೇಳಿದ.

"ವೈನಿ, ನೀವ ಕೂಗ್ರಿ. ನಾ ಬಾಯಿ ಬಿಡೂದಿಲ್ಲ."

ಅವಳು ಕೂಗಿದಳು. ಅವನು ತುಟಿ ಬಿಗಿಹಿಡಿದು ನೀರು ಚಿಮುಕಿಸಿದ. ಹಳ್ಳದ ಬದುವಿನಲ್ಲಿ ಕರಿಯ ಗಂಡು ಚಿಗರಿ ನಿಂತು ತಿರುಗಿತು. ಅವಳು ಮತ್ತೆ ಕೂಗಿದಳು. ಅದು ಒಂದೊಂದೇ ಹೆಜ್ಜೆ ಇಡುತ್ತ ಹುಲ್ಲಿಗಿಳಿಯಿತು, ಹಿಂದೆ ಹಿಂಡೂ ಬಂತು. ಸಾಹೇಬರು ಬಾಗಿಲು ಬಿಟ್ಟು ಮತ್ತೆ ಕಟ್ಟೆಗೆ ಬಂದು ಕೂತರು.

ಆ ಹೊಲಕ್ಕೆ ನೇಗಿಲು ಇಳಿಯಲಿಲ್ಲ. ಪ್ರತಿ ಎಳ್ಳಮಾವಾಸ್ಯೆಗೆ ಸುತ್ತಲಿನ ಹೊಲಗಳಿಂದೆಲ್ಲ ಜೋಡಿ ಕೂಗು ಕೇಳುತ್ತದೆ. ಅಲ್ಲಿಂದ ಮಾತ್ರ ಗೌರಕ್ಕನದೊಂದೇ ದನಿ. ಹಿಂದೆ ಶಂಕ್ರಪ್ಪ ತಂಬಿಗೆ ಹಿಡಿದು ಸುಮ್ಮನೆ ನಡೆಯುತ್ತಾನೆ.