ಮಲ್ಲಾಬಾಯಿ ಇರುವ ಜಾಗ

ಮೂರು ದಿನದಿಂದ ಡೈರಿಯಲ್ಲಿ ಒಂದೇ ಸಾಲು ಬರೆದು ಹೊಡೆದುಹಾಕುತ್ತಿದ್ದೇನೆ: ಮಲ್ಲಾಬಾಯಿ ಇರುವ ಜಾಗ ನನ್ನಿಂದಲೇ ಗೊತ್ತಾಯಿತು.

ಶಹಾಪುರದ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಅರ್ಜಿ ಬರೆಯುವುದು ನನ್ನ ಕೆಲಸ. ಹೆಂಗಸರು ಅಳುತ್ತ, ಬೈಯುತ್ತ ಹೇಳಿದ್ದನ್ನು ಕಚೇರಿಯವರು ಒಪ್ಪುವ ಕನ್ನಡಕ್ಕೆ ತರಬೇಕು. ಬಿ.ಎ. ಓದಿದ್ದರೂ ಒಂದು ಅರ್ಜಿಗೆ ನನಗೆ ಅರ್ಧ ದಿನ ಹಿಡಿಯುತ್ತಿತ್ತು. ಮೊಬೈಲಿನ ಎಐ ಆ್ಯಪ್ ಎರಡು ನಿಮಿಷದಲ್ಲಿ ಬರೆದುಕೊಟ್ಟಿತು. ಸುರಪುರದ ಗಂಡನ ಮನೆ ಬಿಟ್ಟು ಬಂದ ಮಲ್ಲಾಬಾಯಿಯ ಹೆಸರು, ನಂಬರು, ಅವಳು ಅಡಗಿದ್ದ ಗೋಗಿ ಊರಿನ ತಂಗಿ ಮನೆ, ಎಲ್ಲವನ್ನೂ ಅದಕ್ಕೆ ಕೊಟ್ಟೆ. ಯಾರಾದರೂ ತಿದ್ದಲಿ ಎಂದು ಆ ಅರ್ಜಿಯ ಲಿಂಕನ್ನು ಕಾರ್ಯಕರ್ತೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಲಿಂಕ್ ಯಾರು ಒತ್ತಿದರೂ ತೆರೆಯುತ್ತದೆಂದು ತಿಳಿದಿರಲಿಲ್ಲ. ನಮ್ಮವರೊಬ್ಬರು ಅದನ್ನು ಸುರಪುರದ ಇನ್ನೊಂದು ಗುಂಪಿಗೆ ಕಳಿಸಿದ್ದರು. ಆ ಗುಂಪಿನಲ್ಲಿ ಮಲ್ಲಾಬಾಯಿಯ ಮೈದುನನೂ ಇದ್ದ.

ಅವನು ಗೋಗಿಗೆ ಹೋಗಿ ಬಾಗಿಲು ಬಡಿದು ಕೂಗಾಡಿದ. ಓಣಿಯವರು ಸೇರಿ ಅಟ್ಟಿದರಂತೆ. ಸುದ್ದಿ ಕೇಳಿದ ತಕ್ಷಣ ಲಿಂಕ್ ಅಳಿಸಿದೆ. ಈಗ ಆ್ಯಪಿಗೆ ಕೊಡುವ ಮುಂಚೆ ಹೆಸರು, ಊರು, ನಂಬರು ತೆಗೆದು ‘ಒಬ್ಬ ಮಹಿಳೆ’ ಎಂದಷ್ಟೇ ಹಾಕುತ್ತೇನೆ. ಉಳಿದದ್ದನ್ನು ಆಮೇಲೆ ಪೆನ್ನಿನಿಂದ ತುಂಬುತ್ತೇನೆ. ಇಷ್ಟು ಮಾಡಿ, ಯಾರಿಗೂ ಹೇಳದೆ ಇದ್ದುಬಿಟ್ಟೆ.

ಇವತ್ತು ಮಧ್ಯಾಹ್ನ ಮಲ್ಲಾಬಾಯಿ ಚೀಲ ಹೊತ್ತು ಬಂದು, ನಮ್ಮ ಹಿರಿಯ ಕಾರ್ಯಕರ್ತೆ ಕಸ್ತೂರಿ ಅಕ್ಕನ ಮುಂದೆ ಕೂತಳು.

“ನಾ ಇರೂ ಜಾಗ ನನ್ನ ತಂಗಿ ಶೇಖಮ್ಮನ ಹೇಳ್ಯಾಳ್ರಿ. ಅಕೀನ ಬಿಟ್ರ ಯಾರಿಗೂ ಗೊತ್ತಿರ್ಲಿಲ್ಲ. ನಿನ್ನ ಮನಿ ನೀರು ಸುದ್ದಾ ಮುಟ್ಟಂಗಿಲ್ಲಂತ ಹೇಳಿ ಬಂದೀನಿ.”

“ಅಕಿ ಏನಂದ್ಲು?”

“ಏನಂತಾಳ? ಮಕ್ಕಳ ಮ್ಯಾಲ ಆಣಿ ಮಾಡಿ ಅತ್ಲು, ಕಳ್ಳಿ. ಅಳಕೋತನ ರೊಟ್ಟಿ ಕಟ್ಟಿ ಚೀಲದಾಗ ತುರುಕ್ಯಾಳ ನೋಡ್ರಿ.”

ರೊಟ್ಟಿಯ ಗಂಟು ಬಿಚ್ಚಿರಲಿಲ್ಲ.

ಕಸ್ತೂರಿ ಅಕ್ಕ ನನ್ನ ಕಡೆ ತಿರುಗಿದರು. “ಸೌಭಾಗ್ಯ, ಬರಕೋ. ಇವ್ರಿಗೆ ಬ್ಯಾರೆ ಕಡಿ ಇರಾಕ ವ್ಯವಸ್ಥಾ ಮಾಡೋಣು. ಏನವ್ವ, ಬಾಯಿಗೆ ಕೀಲಿ ಹಾಕಿ ಮನ್ಯಾಗ ಮರ್ತು ಬಂದೀಯೇನ?”

“ತಂಗೀನ ಹೇಳ್ಯಾಳಂತ ಮೊದ್ಲ ಬರೀಯವ್ವ,” ಎಂದು ಮಲ್ಲಾಬಾಯಿ ನನ್ನ ಹಾಳೆಯ ಮೇಲೆ ಬಾಗಿದಳು.

ಪೆನ್ನು ಕೆಳಗಿಟ್ಟೆ.

“ಶೇಖಮ್ಮ ಹೇಳಿಲ್ರಿ ಮಲ್ಲಾಬಾಯಿ. ನಿಮ್ಮ ಅರ್ಜಿ ನಾ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ನನ್ನಿಂದ ಗೊತ್ತಾಗ್ಯಾದ.”